ಭೂಮಿಯ ಬಾಲ ಮತ್ತು ಒಂದು ಸ್ಟೀಲ್ ಡಬ್ಬಿ

ನಮ್ಮ ಪಾತ್ರೆ ಅಂಗಡಿಗೆ ಎರಡು ಬಾಗಿಲು. ಒಂದು ಮೈಸೂರಿನ ದೇವರಾಜ ಮೊಹಲ್ಲಾದ ದೊಡ್ಡ ರಸ್ತೆಗೆ ತೆರೆಯುತ್ತದೆ, ಇನ್ನೊಂದು ಹಿಂದಿನ ಗಲ್ಲಿಗೆ. ಯಾವ ಪುಣ್ಯಾತ್ಮ ಹೀಗೆ ಕಟ್ಟಿಸಿದನೋ ಗೊತ್ತಿಲ್ಲ. ಕಳ್ಳರಿಗೆ ಅನುಕೂಲ, ನನಗೆ ತಲೆನೋವು. ಈ ಎರಡು ಬಾಗಿಲಿನಿಂದ ಲೋಕಕ್ಕೆ ಏನಾದರೂ ಉಪಯೋಗ ಆಗಿದ್ದರೆ ಅದು ನನ್ನ ಹೆಂಡತಿ ಪ್ರೇಮಲೀಲಾಳ ಪಿಎಚ್.ಡಿ.ಗೆ ಮಾತ್ರ. ಅದನ್ನು ಆಮೇಲೆ ಹೇಳುತ್ತೇನೆ.

ಲೀಲಾ ಚಾಮರಾಜನಗರದ ಕಡೆಯ ಮೇಷ್ಟರೊಬ್ಬರ ಮಗಳು, ಚಿಕ್ಕಂದಿನಲ್ಲೇ ತಾಯಿಯನ್ನು ಕಳೆದುಕೊಂಡವಳು. ಮಾನಸಗಂಗೋತ್ರಿಯಲ್ಲಿ ಭೌತಶಾಸ್ತ್ರದ ಎಂ.ಎಸ್ಸಿ. ಮಾಡಿ, ಹೆಣ್ಣುಮಕ್ಕಳ ಕಾಲೇಜೊಂದರಲ್ಲಿ ಪಾಠ ಹೇಳುತ್ತಿದ್ದಳು. ಬಿ.ಕಾಂ. ಅನ್ನು ಎರಡು ಕಂತಿನಲ್ಲಿ ಮುಗಿಸಿದ ಪ್ರಭುಸ್ವಾಮಿಯನ್ನು, ಅಂದರೆ ನನ್ನನ್ನು, ಅವಳು ಯಾಕೆ ಒಪ್ಪಿದಳೆಂದು ನಮ್ಮ ನೆಂಟರೆಲ್ಲ ಬಹಳ ದಿನ ತಲೆ ಕೆಡಿಸಿಕೊಂಡಿದ್ದರು. ನಾನೇ ಒಮ್ಮೆ ಕೇಳಿದ್ದಕ್ಕೆ, "ನೀವು ಗೊತ್ತಿಲ್ಲದ್ದನ್ನ ಗೊತ್ತಿಲ್ಲ ಅಂದ್ರಿ" ಅಂದಳು. ಹೆಣ್ಣು ನೋಡಲು ಹೋದ ದಿನ ಅವಳ ಅಪ್ಪ ಏನೋ ಕೇಳಿದ್ದರು, ನನಗೆ ನಿಜವಾಗಿಯೂ ಗೊತ್ತಿರಲಿಲ್ಲ.

ಅವಳಿಗೆ ಸುಳ್ಳು ಹೇಳಲು ಬರುವುದಿಲ್ಲ. ಇದನ್ನು ದೊಡ್ಡ ಗುಣವೆಂದು ಹೊಗಳುವವರು ಅವಳನ್ನು ಒಂದು ದಿನ ನನ್ನ ಗಲ್ಲಾದ ಹತ್ತಿರ ಕೂರಿಸಿ ನೋಡಬೇಕು. ಒಂದು ಭಾನುವಾರ ಹಿನಕಲ್ ಕಡೆಯವರು ಮದುವೆಗೆ ಪಾತ್ರೆ ಕೊಳ್ಳಲು ಬಂದಿದ್ದರು. ನಾನು ಊಟಕ್ಕೆ ಎದ್ದಿದ್ದೆ. ಆ ಹೆಂಗಸು ಒಂದು ಪಾತ್ರೆ ಎತ್ತಿ, "ಇದು ತಳ ಹಿಡಿಯಲ್ವಾ ಅಮ್ಮ?" ಅಂತ ಕೇಳಿದರಂತೆ. ಲೀಲಾ, "ಹಿಡಿಯುತ್ತೆ ಕಣ್ರೀ, ತಳ ತೆಳ್ಳಗಿದೆ, ಹಾಲಿಗಂತೂ ಬೇಡ" ಅಂದಳಂತೆ. ನಾನು ಕೈ ತೊಳೆದು ಬರುವಷ್ಟರಲ್ಲಿ ಅವರು ರಸ್ತೆಯ ಬಾಗಿಲಿಂದ ಬಂದವರು ಗಲ್ಲಿಯ ಬಾಗಿಲಿಂದ ಹೊರಟೇ ಹೋಗಿದ್ದರು. ಅಂದಿನಿಂದ ಅವಳನ್ನು ಅಂಗಡಿಗೆ ಕರೆದರೆ ಕಾಫಿ ಕುಡಿಯಲು ಮಾತ್ರ.

ಇಂಥವಳು ಒಂದೇ ಒಂದು ಸಲ ಸುಳ್ಳು ಹೇಳಿದಳು. ಹೇಳಿದ ಮೇಲೆ ಅದನ್ನು ವರ್ಷಗಟ್ಟಲೆ ಕಾಪಾಡಿಕೊಂಡು ಬಂದಳು. ಆ ಕಥೆಯನ್ನೇ ಹೇಳಬೇಕೆಂದು ಕೂತಿದ್ದೇನೆ.

ಮಗಳು ಶಿವಾನಿ ಸ್ಕೂಲಿಗೆ ಹೋಗಲು ಶುರುಮಾಡಿದ ವರ್ಷ, ಅಂದರೆ ತೊಂಬತ್ಮೂರರಲ್ಲಿ, ಲೀಲಾ ಪಿಎಚ್.ಡಿ.ಗೆ ಹೆಸರು ನೋಂದಾಯಿಸಿದಳು. ಮಾರ್ಗದರ್ಶಕರು ಅವಳಿಗೆ ಎಂ.ಎಸ್ಸಿ.ಯಲ್ಲಿ ಪಾಠ ಮಾಡಿದ್ದ ಲಕ್ಷ್ಮೀನರಸಿಂಹ ಮೇಷ್ಟ್ರು. ವಿಷಯ ಏನೆಂದು ಊಟದ ಹೊತ್ತಿನಲ್ಲಿ ನಮ್ಮವ್ವ ಸುಂದರಮ್ಮ ಕೇಳಿದರು. ಲೀಲಾ ಹೇಳಿದಳು: ಸೂರ್ಯನಿಂದ ಯಾವಾಗಲೂ ಒಂದು ಗಾಳಿ ಬೀಸುತ್ತಿರುತ್ತದೆ, ನಮ್ಮ ಗಾಳಿಯಂಥದಲ್ಲ, ವಿದ್ಯುತ್ತು ತುಂಬಿದ ಕಣಗಳ ಗಾಳಿ. ಭೂಮಿ ಒಂದು ದೊಡ್ಡ ಅಯಸ್ಕಾಂತ. ಆ ಗಾಳಿ ಭೂಮಿಯ ಕಾಂತಶಕ್ತಿಯನ್ನು ರಾತ್ರಿಯ ಕಡೆಗೆ ಎಳೆದು ಉದ್ದ ಮಾಡಿಬಿಡುತ್ತದೆ. ಚಂದ್ರನಿಗಿಂತ ಆಚೆಗೂ ಚಾಚಿಕೊಂಡಿರುವ ಅದನ್ನು ಭೂಮಿಯ ಬಾಲ ಎನ್ನುತ್ತಾರೆ.

"ಭೂಮ್ತಾಯಿಗೆ ಬಾಲವಾ?" ಅಂದರು ಅವ್ವ.

"ಹೂಂ ಅತ್ತೆ. ಕಣ್ಣಿಗೆ ಕಾಣಲ್ಲ."

"ಕಾಣ್ದೇ ಇರೋದೇ ವಾಸಿ ಬುಡು" ಅಂತ ಅವ್ವ ಇನ್ನೊಂದು ಸೌಟು ಹುಳಿ ಬಡಿಸಿದರು.

ಜಪಾನಿನವರು ಅಮೆರಿಕದವರ ಜೊತೆ ಸೇರಿ ಅದರ ಹಿಂದಿನ ವರ್ಷವಷ್ಟೇ ಜಿಯೋಟೇಲ್ ಎಂಬ ನೌಕೆಯನ್ನು ಆ ಬಾಲದೊಳಕ್ಕೆ ಕಳಿಸಿದ್ದರು. ಬಾಲದಲ್ಲಿ ಅಯಾನುಗಳೆಂಬ ಕಣಗಳಿವೆ. ಅವು ಒಮ್ಮೊಮ್ಮೆ ಇದ್ದಕ್ಕಿದ್ದ ಹಾಗೆ ಹೊಳೆಯಂತೆ ಹರಿಯಲು ತೊಡಗುತ್ತವೆ, ಕ್ಷಣಕ್ಕೆ ನೂರಾರು ಕಿಲೋಮೀಟರ್. ಒಮ್ಮೆ ಭೂಮಿಯ ಕಡೆಗೆ, ಒಮ್ಮೆ ಭೂಮಿಯಿಂದ ದೂರಕ್ಕೆ. ನೌಕೆ ಅಲ್ಲೇ ಇದ್ದುಕೊಂಡು ಎಷ್ಟು ವೇಗ, ಯಾವ ದಿಕ್ಕು ಅಂತ ಅಳೆಯುತ್ತದೆ. ಆ ಅಂಕಿಗಳೇ ಲೀಲಾಳ ಕಚ್ಚಾಸಾಮಾನು. ಅಹಮದಾಬಾದಿನಲ್ಲಿದ್ದ ಮೇಷ್ಟ್ರ ಹಳೆಯ ಶಿಷ್ಯನೊಬ್ಬ ಅವನ್ನು ಫ್ಲಾಪಿಗಳಿಗೆ ತುಂಬಿಸಿ ಕಳಿಸುತ್ತಿದ್ದ. ನಮ್ಮ ಮನೆಯಲ್ಲಿ ಕಂಪ್ಯೂಟರ್ ಇರಲಿಲ್ಲ. ಕಾಲೇಜು ಮುಗಿಸಿ ಲೂನಾ ಹತ್ತಿ ಗಂಗೋತ್ರಿಗೆ ಹೋಗಿ, ಅಲ್ಲಿನ ಕಂಪ್ಯೂಟರಿನಲ್ಲಿ ಕೆಲಸ ಮಾಡಿಕೊಂಡು ಬರುತ್ತಿದ್ದಳು. ಫ್ಲಾಪಿಗಳಿಗೆಂದು ನಾನು ಅಂಗಡಿಯಿಂದ ಒಂದು ಒಳ್ಳೆಯ ಸ್ಟೀಲ್ ಡಬ್ಬಿ ತಂದು, ಹೆಸರು ಕೊರೆಯುವ ಮಿಷನ್ನಿನಲ್ಲಿ ಮುಚ್ಚಳದ ಮೇಲೆ 'ಪ್ರೇಮಲೀಲಾ' ಎಂದು ಕೊರೆದು ಕೊಟ್ಟೆ. ಸಂಶೋಧನೆಗೆ ನನ್ನ ಕೊಡುಗೆ ಅಷ್ಟೇ.

ಒಂದು ಮಧ್ಯಾಹ್ನ ಅಂಗಡಿಗೆ ಕಾಫಿಗೆ ಬಂದವಳು ಬಹಳ ಖುಷಿಯಲ್ಲಿದ್ದಳು. ಮೂರು ಸಂದರ್ಭಗಳಲ್ಲಿ ಕಣಗಳ ಹೊಳೆ ಮೊದಲು ಭೂಮಿಯ ಕಡೆ ನುಗ್ಗಿ, ಸ್ವಲ್ಪ ಹೊತ್ತಿಗೆ ಉಲ್ಟಾ ಹರಿದದ್ದು ಅವಳಿಗೆ ಸಿಕ್ಕಿತ್ತು. ಭೂಮಿಯ ಹತ್ತಿರ ಬಂದ ಹೊಳೆ ಅಲ್ಲಿನ ಬಲವಾದ ಕಾಂತಶಕ್ತಿಗೆ ಬಡಿದು ಹಿಂದಕ್ಕೆ ತಿರುಗಿದೆ ಎಂದು ಅವಳ ಊಹೆ.

"ತಿರುಗಿದೆ ಅಂತ ಕಾಣುತ್ತಲ್ಲ, ಮತ್ತೆ ಊಹೆ ಯಾಕೆ?" ಅಂದೆ.

ಅವಳು ನಮ್ಮ ಎರಡೂ ಬಾಗಿಲುಗಳನ್ನು ತೋರಿಸಿದಳು. "ಈಗ ನೋಡಿ, ರಸ್ತೆ ಬಾಗಿಲಲ್ಲಿ ಹೋಗೋರಿಗೆ ನೀವು ಹಳದಿ ಚೀಲ ಕೊಡ್ತೀರಿ, ಗಲ್ಲಿ ಬಾಗಿಲಲ್ಲಿ ಹೋಗೋರಿಗೆ ಬಿಳಿ ಚೀಲ ಅಂದ್ಕೊಳ್ಳಿ. ಅತ್ತೆ ಆ ನೌಕೆ ಥರ ರಸ್ತೇಲಿ ಒಂದು ಕಡೆ ಕೂತು ನೋಡ್ತಿದಾರೆ. ಮೊದಲು ಜನ ಆ ಕಡೆ ಹೋದ್ರು, ಆಮೇಲೆ ಈ ಕಡೆ ಬಂದ್ರು. ಹೋದವರೇ ವಾಪಸ್ ಬಂದ್ರಾ? ಅಥವಾ ನಿಮ್ಮ ಅಂಗಡೀನೇ ಸರ್ಕೊಂಡು ಅತ್ತೆಯ ಆ ಪಕ್ಕಕ್ಕೆ ಹೋಗಿ, ಇನ್ನೊಂದು ಬಾಗಿಲಿನ ಜನ ಬರ್ತಿದಾರಾ?"

"ಅಂಗಡಿ ಎಲ್ಲಿ ಸರಿಯುತ್ತೆ?"

"ಬಾಲದಲ್ಲಿ ಸರಿಯುತ್ತೆ ಕಣ್ರೀ. ಹೊಳೆ ಹುಟ್ಟೋ ಜಾಗ ಹಿಂದೆ ಮುಂದೆ ಓಡಾಡ್ತಿರುತ್ತೆ."

"ಹಾಗಾದ್ರೆ ಚೀಲದ ಬಣ್ಣ ನೋಡಿದ್ರೆ ಆಯ್ತು."

ಅವಳು ನನ್ನನ್ನು ನೋಡಿ ನಕ್ಕಳು. ಆ ನಗುವಿಗೆ ನಾನು ಇನ್ನೊಂದು ಬಿ.ಕಾಂ. ಬೇಕಾದರೂ ಮಾಡುತ್ತಿದ್ದೆ. ಬಣ್ಣ ಅಂದರೆ ಅಲ್ಲಿ ಕಾಂತಕ್ಷೇತ್ರದ ದಿಕ್ಕು. ಅದು ಉತ್ತರಕ್ಕೇ ಇದ್ದರೆ ಹಳದಿ, ಹೊಳೆ ನಿಜವಾಗಿ ತಿರುಗಿದೆ. ದಕ್ಷಿಣಕ್ಕೆ ಹೊರಳಿದ್ದರೆ ಬಿಳಿ, ಅಂಗಡಿ ಸರಿದಿದೆ, ಅವಳ ಊಹೆ ಬಿತ್ತು. ಆ ಕಾಂತಕ್ಷೇತ್ರದ ಅಂಕಿಗಳು ಬೇರೆ ಫ್ಲಾಪಿಗಳಲ್ಲಿ ಆಗಷ್ಟೇ ಬಂದಿದ್ದವು. ದಸರಾ ರಜೆ ಮುಗಿದ ಕೂಡಲೇ ನೋಡುತ್ತೇನೆ ಎಂದು ಅವನ್ನು ಡಬ್ಬಿಗೆ ಹಾಕಿ ಮನೆಗೆ ತಂದಳು.

ಆಯುಧಪೂಜೆ ಎಂದರೆ ನಮ್ಮಂಥ ವ್ಯಾಪಾರಸ್ಥರಿಗೆ ವರ್ಷದ ದೊಡ್ಡ ಹಬ್ಬ. ತಕ್ಕಡಿ, ತೂಕದ ಬಟ್ಟು, ಹೆಸರು ಕೊರೆಯುವ ಮಿಷನ್ನು, ನನ್ನ ಸ್ಕೂಟರು, ಎಲ್ಲಕ್ಕೂ ವಿಭೂತಿ, ಕುಂಕುಮ, ಚೆಂಡುಹೂವು. ನಾನು ಬೂದುಗುಂಬಳಕಾಯಿ ತೆಗೆದುಕೊಂಡು ಅಂಗಡಿಗೆ ಹೋದೆ. ಮನೆಯ ಪೂಜೆ ಅವ್ವನದು. ಲೀಲಾ ತನ್ನ ಪುಸ್ತಕ, ಕ್ಯಾಲ್ಕ್ಯುಲೇಟರು ಮತ್ತು ಸ್ಟೀಲ್ ಡಬ್ಬಿಯನ್ನು ತಾನೇ ದೇವರ ಮುಂದೆ ಇಟ್ಟು, ಹೂವು ತರಲು ಮಾರ್ಕೆಟ್ಟಿಗೆ ಹೋದಳು. ಮುಚ್ಚಳದ ಮೇಲೆ ಒಂದು ಹೂವು ಬೀಳುತ್ತದೆ ಎಂದುಕೊಂಡಿದ್ದಳು.

ನಮ್ಮವ್ವನನ್ನು ಇಷ್ಟು ವರ್ಷ ನೋಡಿಯೂ ಹಾಗೆಂದುಕೊಂಡಳಲ್ಲ ಅನ್ನುವುದೇ ಆಶ್ಚರ್ಯ. ಅವ್ವ ಮೇಲೆ ಮೇಲೆ ಪೂಜೆ ಮಾಡುವವರಲ್ಲ. ಅವರು ಡಬ್ಬಿ ತೆರೆದರು. ಫ್ಲಾಪಿಗಳನ್ನು ಒಂದೊಂದಾಗಿ ತೆಗೆದು, ತಕ್ಕಡಿ ಒರೆಸುವ ಹಾಗೆ ಒದ್ದೆ ಬಟ್ಟೆಯಲ್ಲಿ ಒರೆಸಿದರು. ವಿಭೂತಿಯನ್ನು ನೀರಿನಲ್ಲಿ ಕಲಸಿ ಒಂದೊಂದಕ್ಕೂ ಮೂರು ಬೆರಳಿನಲ್ಲಿ ಮೂರು ಗೆರೆ ಎಳೆದರು. ಆಗ ಅವರಿಗೆ ಫ್ಲಾಪಿಯ ತುದಿಯಲ್ಲಿ ಸರಿದಾಡುವ ತಗಡಿನ ಪುಟ್ಟ ಬಾಗಿಲು ಕಂಡಿತು. ಸರಿಸಿದರೆ ಒಳಗೆ ಕಪ್ಪಗೆ ಹೊಳೆಯುವ ತಟ್ಟೆ. ಸೊಸೆಯ ವಿದ್ಯೆ ಇರುವುದು ಇದರೊಳಗೇ ಎಂದು ಅವರಿಗೆ ಖಾತ್ರಿಯಾಯಿತು. ಅಲ್ಲಿಗೂ ವಿಭೂತಿ ಮುಟ್ಟಿಸಿ, ಕುಂಕುಮ ಇಟ್ಟು, ಬಾಗಿಲು ಮುಚ್ಚಿ, ಮೊದಲಿದ್ದ ಹಾಗೆಯೇ ಜೋಡಿಸಿಟ್ಟರು. ಇದನ್ನೆಲ್ಲ ಶಿವಾನಿ ಪಕ್ಕದಲ್ಲಿ ಕೂತು, ಅಜ್ಜಿಗೆ ಕುಂಕುಮದ ಬಟ್ಟಲು ಹಿಡಿದುಕೊಂಡು ನೋಡಿದ್ದಳು.

ರಜೆ ಮುಗಿಸಿ ಗಂಗೋತ್ರಿಗೆ ಹೋದ ಲೀಲಾ ಡಬ್ಬಿ ಹಿಡಿದುಕೊಂಡು ಬೇಗನೆ ಮನೆಗೆ ಬಂದಳು, ಅಲ್ಲಿನ ಕಂಪ್ಯೂಟರ್ ಒಂದು ಫ್ಲಾಪಿಯನ್ನೂ ಓದಿರಲಿಲ್ಲ. ಅವ್ವ ಪಕ್ಕದ ಮನೆಗೆ ಹೋಗಿದ್ದರು. ಶಿವಾನಿಯನ್ನು ಕರೆದು ಮೆತ್ತಗೆ ಕೇಳಿದಳು. ಮಗು ನಡೆದದ್ದನ್ನೆಲ್ಲ ಹೇಳಿ, "ಒಳಗೂ ಇಟ್ರು ಅಮ್ಮ, ಅಜ್ಜಿ ಒಂದನ್ನೂ ಬಿಡ್ಲಿಲ್ಲ" ಅಂತ ಹೆಮ್ಮೆಯಿಂದ ಹೇಳಿತು.

ನನಗೆ ಎಲ್ಲಿಲ್ಲದ ಸಿಟ್ಟು ಬಂತು. ಈಗಲೇ ಅವ್ವನನ್ನು ಕೇಳುತ್ತೇನೆ ಎಂದು ಎದ್ದೆ. ಲೀಲಾ ಅಡ್ಡ ನಿಂತಳು.

"ಕೇಳಿ ಏನ್ ಮಾಡ್ತೀರಿ? ಸರಿಹೋಗುತ್ತಾ?"

"ನಿನ್ನ ಮೂರು ವರ್ಷದ ಕೆಲಸ ಕಣೇ."

"ಅವರು ನಂಗೆ ಒಳ್ಳೇದಾಗ್ಲಿ ಅಂತ ಮಾಡಿದ್ದು. ಇದು ಅವರಿಗೆ ಗೊತ್ತಾದ್ರೆ ಇನ್ನು ಈ ಮನೇಲಿ ಒಂದು ವಸ್ತು ಮುಟ್ಟಲ್ಲ ಅವರು. ನನ್ನಾಣೆ, ಹೇಳಬೇಡಿ." ಮಗಳಿಗೂ ಅದನ್ನೇ ಹೇಳಿದಳು.

ಮಾರನೆಯ ದಿನ ಲಕ್ಷ್ಮೀನರಸಿಂಹ ಮೇಷ್ಟ್ರ ಮುಂದೆ ಹೋಗಿ ನಿಂತು, ತನ್ನ ಕೈಯಿಂದಲೇ ನೀರು ಚೆಲ್ಲಿ ಫ್ಲಾಪಿಗಳು ಹಾಳಾದವು ಎಂದು ಹೇಳಿದಳು. ಅದೇ ಆ ಸುಳ್ಳು. ಮೇಷ್ಟ್ರು ಒಳ್ಳೆಯವರು, ಆದರೆ ಬಾಯಿ ಜೋರು. ವಿಭಾಗದ ಎಲ್ಲರೆದುರಿಗೆ, ಸಂಸಾರಸ್ಥರಿಗೆ ಸಂಶೋಧನೆ ಯಾಕೆ ಬೇಕಿತ್ತು ಎಂದು ಅಂದುಬಿಟ್ಟರು. ಲೀಲಾ ಮನೆಗೆ ಬಂದು ನನಗೆ ಇದನ್ನು ಹೇಳಿ, ಎದ್ದು ಹೋಗಿ ಅವ್ವನಿಗೆ ಮಂಡಿನೋವಿನ ಎಣ್ಣೆ ಹಚ್ಚಿದಳು. ನಾನು ಅಂಗಡಿಗೆ ಹೋಗಿ ಸುಮ್ಮಸುಮ್ಮನೆ ಗಿರಾಕಿಗಳ ಮೇಲೆ ರೇಗಿದೆ.

ಹೊಸ ಪ್ರತಿ ತರಿಸೋಣವೆಂದರೆ ಅಹಮದಾಬಾದಿನ ಶಿಷ್ಯ ಅಲ್ಲಿಂದ ಬೇರೆಲ್ಲಿಗೋ ಹೋಗಿದ್ದ. ಕೇಳಿದ ಕಡೆಯಿಂದೆಲ್ಲ ಇವತ್ತು ನಾಳೆ ಎಂಬ ಉತ್ತರ. ಪಿಎಚ್.ಡಿ.ಯ ಅವಧಿ ಮುಗಿಯುತ್ತ ಬಂತು. ಮೇಷ್ಟ್ರು ಕೊನೆಗೆ ಕನಿಕರಪಟ್ಟು, "ನೋಡಮ್ಮ, ಹೊಳೆ ತಿರುಗಿದೆ ಅಂತಲೇ ಬರೆದುಬಿಡು. ವೇಗದ ಅಂಕಿ ಇಲ್ಲಿನ ಕಂಪ್ಯೂಟರಿನಲ್ಲಿ ಇದೆಯಲ್ಲ, ಯಾರೂ ಅಷ್ಟು ಕೆದಕಲ್ಲ" ಅಂದರು. ಲೀಲಾ ಆಗಲ್ಲ ಅಂದಳು. ಬಣ್ಣ ನೋಡದೆ ಬರೆಯಲ್ಲ. ವಿಶ್ವವಿದ್ಯಾನಿಲಯದವರು ಅವಧಿಯನ್ನು ಒಮ್ಮೆ ವಿಸ್ತರಿಸಿದರು, ಆಮೇಲೆ ಇನ್ನೊಮ್ಮೆ. ಇದೇ ಕೊನೆಯದು ಎಂದು ಖಡಾಖಂಡಿತವಾಗಿ ಹೇಳಿದರು. ಇಷ್ಟು ವರ್ಷದ ಓಡಾಟ ಎಲ್ಲ ನೀರಿನಲ್ಲಿ ಹೋಮ ಮಾಡಿದಂತಾಗುತ್ತದೆ ಎಂದು ನಾನು ಒಳಗೊಳಗೇ ಮಂಜುನಾಥನಿಂದ ನಂಜುಂಡೇಶ್ವರನವರೆಗೆ ಹರಕೆ ಹೊತ್ತುಕೊಳ್ಳುತ್ತಿದ್ದೆ. ಅವ್ವ ಮಾತ್ರ ಪ್ರತಿ ಸೋಮವಾರ, "ಇನ್ನೂ ಯಾಕವ್ವಾ ಮುಗೀಲಿಲ್ಲ ನಿನ್ನ ಬಾಲ?" ಅಂತ ಕೇಳುತ್ತಿದ್ದರು. ಲೀಲಾ, "ಉದ್ದ ಇದೆ ಅತ್ತೆ" ಅನ್ನುತ್ತಿದ್ದಳು.

ಅಷ್ಟರಲ್ಲಿ ಊರಿಗೆ ಸೈಬರ್ ಕೆಫೆಗಳು ಬಂದವು. ನೌಕೆಯ ಅಂಕಿಗಳನ್ನು ಯಾರು ಬೇಕಾದರೂ ಇಂಟರ್ನೆಟ್ಟಿನಲ್ಲಿ ಇಳಿಸಿಕೊಳ್ಳಬಹುದು ಎಂದು ಅವಳಿಗೆ ಯಾರೋ ಹೇಳಿದರು. ಸರಸ್ವತೀಪುರಂನ ಒಂದು ಕೆಫೆಯಲ್ಲಿ ಭಾನುವಾರಗಳೆಲ್ಲ ಹೋದವು. ಫೈಲು ಮುಕ್ಕಾಲು ಇಳಿಯುವಷ್ಟರಲ್ಲಿ ಫೋನ್ ಲೈನು ಕಡಿಯುತ್ತಿತ್ತು, ಇಲ್ಲದಿದ್ದರೆ ಕರೆಂಟು ಹೋಗುತ್ತಿತ್ತು. ಮತ್ತೆ ಮೊದಲಿಂದ. ನಾನು ಪಕ್ಕದ ಕುರ್ಚಿಯಲ್ಲಿ ಕೂತು ಜಪಾನಿನವರನ್ನೂ ಟೆಲಿಫೋನ್ ಇಲಾಖೆಯನ್ನೂ ಒಟ್ಟಿಗೆ ಬೈಯುತ್ತಿದ್ದೆ. ಕೊನೆಗೊಂದು ದಿನ ಎಲ್ಲ ಇಳಿಯಿತು.

ಗ್ರಾಫು ತೆಗೆದ ದಿನ ಅವಳು ನೆಟ್ಟಗೆ ಅಂಗಡಿಗೆ ಬಂದಳು. ಕಾಫಿ ಬೇಡ ಅಂದಳು.

"ಏನಾಯ್ತು? ಹಳದೀನಾ, ಬಿಳೀನಾ?"

"ಎರಡು ಬಿಳಿ. ಒಂದೇ ಒಂದು ಹಳದಿ."

ಇಷ್ಟು ವರ್ಷ ಮೂರನ್ನೂ ತನ್ನವೆಂದು ನಂಬಿಕೊಂಡಿದ್ದಳು. "ಒಂದಾದ್ರೂ ತಿರುಗಿತಲ್ಲ" ಅಂದೆ. ಅವಳು ಕಣ್ಣು ಒರೆಸಿಕೊಂಡು, "ಹೂಂ, ಒಂದು ನಿಜವಾಗಿ ತಿರುಗಿದೆ" ಅಂದಳು. ಪ್ರಬಂಧದಲ್ಲಿ ಹಾಗೆಯೇ ಬರೆದಳು: ಎರಡರಲ್ಲಿ ನನ್ನ ಊಹೆ ತಪ್ಪು, ಒಂದರಲ್ಲಿ ಸರಿ. ಮೇಷ್ಟ್ರು ಹಣೆ ಚಚ್ಚಿಕೊಂಡು ಸಹಿ ಹಾಕಿದರು.

ಎರಡು ಸಾವಿರದ ಎರಡರಲ್ಲಿ ಮೌಖಿಕ ಪರೀಕ್ಷೆ. ಯಾರು ಬೇಕಾದರೂ ಬಂದು ಕೂರಬಹುದು ಎಂದು ತಿಳಿದ ಕೂಡಲೇ ಅವ್ವ ತಾವೂ ಬರುವುದಾಗಿ ಹಟ ಹಿಡಿದರು. ಹಣೆ ತುಂಬ ವಿಭೂತಿ, ಮೈಸೂರು ಸಿಲ್ಕ್ ಸೀರೆ, ಮುಂದಿನ ಸಾಲಿನಲ್ಲಿ ನನ್ನ ಮತ್ತು ಶಿವಾನಿಯ ನಡುವೆ ಕೂತರು. ಧಾರವಾಡದಿಂದ ಬಂದಿದ್ದ ಪರೀಕ್ಷಕರು ಬಹಳ ಗಂಭೀರ ಮನುಷ್ಯ. ಎಲ್ಲ ಇಂಗ್ಲಿಷಿನಲ್ಲಿ. ಲೀಲಾ ಮೊದಲು ಸ್ವಲ್ಪ ತಡವರಿಸಿದರೂ ಆಮೇಲೆ ಕ್ಲಾಸಿನಲ್ಲಿ ಪಾಠ ಮಾಡುವವಳ ಹಾಗೆ ಹೇಳುತ್ತ ಹೋದಳು. ಪರೀಕ್ಷಕರು ಒಂದು ಪುಟ ತೆರೆದು, ವೇಗದ ಅಂಕಿ ಅಷ್ಟು ಹಳೆಯದು, ಕಾಂತಕ್ಷೇತ್ರದ್ದು ಮೊನ್ನೆ ಮೊನ್ನೆಯದು, ನಡುವೆ ಇಷ್ಟು ವರ್ಷ ಏನು ಮಾಡುತ್ತಿದ್ದಿರಿ ಎಂದು ಕೇಳಿದರು. ಲೀಲಾ ಬಾಯಿ ತೆರೆಯುವ ಮೊದಲೇ ಮೇಷ್ಟ್ರು, ಫ್ಲಾಪಿಗಳ ಮೇಲೆ ಈಕೆ ನೀರು ಚೆಲ್ಲಿಕೊಂಡಿದ್ದರು ಎಂದು ಇಂಗ್ಲಿಷಿನಲ್ಲಿ ಹೇಳಿದರು.

ಅವ್ವನಿಗೆ ಫ್ಲಾಪಿ ಎಂಬ ಮಾತು ಕೇಳಿಸಿತು. "ಏನಂದ್ರು?" ಅಂತ ಮೊಮ್ಮಗಳನ್ನು ಕೇಳಿದರು. ಶಿವಾನಿ ಪಿಸುಗುಟ್ಟಿದಳು. ಅವ್ವ ನನ್ನ ಭುಜ ಹಿಡಿದುಕೊಂಡು ಎದ್ದು ನಿಂತರು.

"ಸ್ವಾಮಿ, ನನ್ನ ಸೊಸೆ ನೀರು ಚೆಲ್ಲಲಿಲ್ಲ. ಅದನ್ನ ಹಾಳು ಮಾಡಿದ್ದು ನಾನು."

ಅವರಿಗೆ ಹೇಗೆ ಗೊತ್ತಾಯಿತು? ಅದು ಆಮೇಲೆ ತಿಳಿಯಿತು. ಆ ವಾರ, ಹೊಸದಾಗಿ ಕೊಂಡ ಕಂಪ್ಯೂಟರನ್ನು ಅಜ್ಜಿ ಒದ್ದೆ ಬಟ್ಟೆಯಲ್ಲಿ ಒರೆಸಲು ಹೋದಾಗ ಶಿವಾನಿ ಗಾಬರಿಯಲ್ಲಿ, "ಮೊದ್ಲು ಫ್ಲಾಪಿ ಆಯ್ತು, ಈಗ ಇದಾ ಅಜ್ಜಿ?" ಅಂದುಬಿಟ್ಟಿದ್ದಳು. ಅವ್ವ ಅವಳಿಂದ ಎಲ್ಲವನ್ನೂ ಬಿಡಿಸಿ ಬಿಡಿಸಿ ಕೇಳಿದ್ದರು, ನಮ್ಮ ಮುಂದೆ ತುಟಿ ಬಿಚ್ಚಿರಲಿಲ್ಲ.

ಪರೀಕ್ಷಕರು ಕನ್ನಡಕ ತೆಗೆದು ಕನ್ನಡದಲ್ಲೇ ಕೇಳಿದರು. "ಏನ್ ಮಾಡಿದ್ರಿ ಅವ್ವಾರ?"

"ಪೂಜೆ ಮಾಡ್ದೆ ಸ್ವಾಮಿ. ಆಯುಧಪೂಜೆ ದಿನ. ಒಳಗಡೆಗೂ ವಿಭೂತಿ ಇಟ್ಬುಟ್ಟೆ. ಇವಳು ನನಗೆ ಒಂದು ಮಾತು ಹೇಳ್ಲಿಲ್ಲ. ನನ್ನ ಹೆಸರು ಬರಬಾರ್ದು ಅಂತ ತಾನೇ ಬೈಸ್ಕೊಂಡವಳೆ."

ಕೋಣೆಯಲ್ಲಿ ಯಾರೂ ನಗಲಿಲ್ಲ. ಲೀಲಾ ಮೇಜು ಹಿಡಿದು ನಿಂತಿದ್ದಳು. ಪರೀಕ್ಷಕರು ಅವಳತ್ತ ತಿರುಗಿ, "ಅಂದ್ರ ನೀವು ಗೈಡ್‌ಗೆ ಸುಳ್ಳು ಹೇಳಿದ್ರಿ?" ಅಂದರು. ಆ ಪ್ರಬಂಧದ ಒಂದೊಂದು ಅಂಕಿಯನ್ನೂ ಅವರು ಇವಳ ಮಾತಿನ ಮೇಲೆ ನಂಬಬೇಕು. ಒಂದು ಸುಳ್ಳು ಹೇಳಿದವಳು ಎಂದು ಪುಸ್ತಕ ಮುಚ್ಚಿಬಿಟ್ಟರೆ ಕಥೆ ಅಲ್ಲಿಗೆ ಮುಗಿಯಿತು.

"ಹೌದು ಸರ್. ಹೇಳಿದೆ" ಅಂದಳು ಲೀಲಾ. ಅದಕ್ಕೆ ಒಂದು ಸಬೂಬು ಕೂಡ ಸೇರಿಸಲಿಲ್ಲ.

ಅವರು ಪ್ರಬಂಧದ ಪುಟ ತಿರುವುತ್ತ ಕೂತರು. ಆಮೇಲೆ ಆ ಎರಡು ಬಿಳಿ ಚೀಲಗಳ ಪುಟದ ಮೇಲೆ ಬೆರಳಿಟ್ಟರು. "ಈ ಎರಡು ನಿಮ್ಮ ಊಹೆಗೆ ವಿರುದ್ಧ ಅದಾವು. ಮುಚ್ಚಿಟ್ಟಿದ್ರ ಯಾರಿಗೂ ಗೊತ್ತಾಗ್ತಿರಲಿಲ್ಲ. ಲೆಕ್ಕದಾಗ ನೀವು ಸುಳ್ಳು ಹೇಳಿಲ್ಲ. ಮನಿ ಮಾತು ಮನ್ಯಾಗ ಇರ್ಲಿ." ಆಮೇಲೆ ಅವ್ವನಿಗೆ, "ಕೂಡ್ರಿ ಅವ್ವಾರ, ನಿಮ್ಮ ಸೊಸಿ ಪಾಸಾದ್ಲು" ಅಂದರು.

ಅವ್ವ ಕೂರಲಿಲ್ಲ. ಮೇಷ್ಟ್ರು ಎದ್ದು ಬಂದು ಲೀಲಾಳಿಗೆ, "ನನಗೆ ಹೇಳಬಹುದಿತ್ತಲ್ಲಮ್ಮ" ಅಂದರು. ಲೀಲಾ, "ಹೇಳಿದ್ರೆ ನೀವು ಅತ್ತೇನ ಬೈತಿದ್ರಿ ಸರ್. ನಂಗಾದ್ರೆ ನಿಮ್ಮ ಬೈಗುಳ ಅಭ್ಯಾಸ" ಅಂದಳು. ಆಗ ಎಲ್ಲರೂ ನಕ್ಕರು, ನಾನು ಮಾತ್ರ ಅತ್ತುಬಿಟ್ಟೆ.

ಆ ವರ್ಷದ ಆಯುಧಪೂಜೆಯಲ್ಲಿ ಅವ್ವ ಬೇರೆ ಎಲ್ಲಕ್ಕೂ ಪೂಜೆ ಮಾಡಿ, ಕಂಪ್ಯೂಟರ್ ಇದ್ದ ಕೋಣೆಯ ಹೊಸ್ತಿಲ ಆಚೆಯೇ ನಿಂತರು. ಲೀಲಾ ಕರೆದರೂ, "ಬೇಡ ಕಣಮ್ಮ, ನನ್ನ ಕೈ ಸರಿ ಇಲ್ಲ" ಅಂದರು. ಅವಳು ಹೆದರಿದ್ದು ಇದಕ್ಕೇ. ಬೀರುವಿನಿಂದ ಏನೋ ತೆಗೆದು ಹೊಸ್ತಿಲಿಗೆ ತಂದಳು. ನಾನು ಹೆಸರು ಕೊರೆದುಕೊಟ್ಟ ಆ ಸ್ಟೀಲ್ ಡಬ್ಬಿ. ಮುಚ್ಚಳ ತೆಗೆದಳು. ಹಾಳಾದ ಫ್ಲಾಪಿಗಳು ಜೋಡಿಸಿಟ್ಟ ಹಾಗೇ ಇದ್ದವು, ಒಂದೊಂದರ ಮೇಲೂ ಅವ್ವನ ಮೂರು ಬೆರಳಿನ ಗೆರೆ ಒಣಗಿ ನಿಂತಿತ್ತು.

"ಇದನ್ನ ಯಾಕಮ್ಮ ಇಟ್ಕೊಂಡಿದೀಯ?" ಅಂದರು ಅವ್ವ.

"ನಮ್ಮಮ್ಮ ಇದ್ದಿದ್ರೆ ಮಾಡ್ತಿದ್ದದ್ದು ಅತ್ತೆ. ಎಸೆಯೋಕೆ ಮನಸ್ಸು ಬರ್ಲಿಲ್ಲ."

ಇಷ್ಟು ವರ್ಷ ಒಂದೇ ಮನೆಯಲ್ಲಿದ್ದೂ ಆ ಡಬ್ಬಿ ಉಳಿದಿರುವುದು ನನಗೆ ಗೊತ್ತಿರಲಿಲ್ಲ. ನನ್ನ ಹೆಂಡತಿಯನ್ನು ನಾನು ಬಹಳ ಪ್ರೀತಿಸುತ್ತೇನೆ. ಅಂಗಡಿಯಲ್ಲಿ ಕೂರುವ ಮನುಷ್ಯನಿಗೆ ಇದನ್ನು ಬಾಯಿಬಿಟ್ಟು ಹೇಳಲು ಸಂದರ್ಭವೇ ಸಿಗುವುದಿಲ್ಲ, ಆದ್ದರಿಂದ ಇಲ್ಲಿ ಬರೆದಿದ್ದೇನೆ. ಅವಳು ಅವ್ವನ ಕೈ ಹಿಡಿದು ಒಳಗೆ ಕರೆದುಕೊಂಡು ಹೋದಳು. ಕಂಪ್ಯೂಟರಿನ ನೆತ್ತಿಯ ಮೇಲೆ ಒಂದು ಜಾಗ ತೋರಿಸಿ, "ಇಲ್ಲಿ ಇಡಿ ಅತ್ತೆ, ಇಲ್ಲಿ ಏನೂ ಆಗಲ್ಲ" ಅಂದಳು. ಅವ್ವ ಮೂರು ಬೆರಳನ್ನು ವಿಭೂತಿಯಲ್ಲಿ ಅದ್ದಿ, ಹೆಚ್ಚಿದ್ದ ನೀರನ್ನು ಬಟ್ಟಲಿನ ಅಂಚಿಗೆ ಒರೆಸಿ, ತೋರಿಸಿದ ಜಾಗದಲ್ಲಿ ಮೆತ್ತಗೆ ಗೆರೆ ಎಳೆದರು.